ಪೋರ್ಚುಗಲ್‌ನಲ್ಲಿ ಹತ್ತು ದಿನ: ಏನು ತಿನ್ನಬೇಕು, ಏನು ಕುಡಿಯಬೇಕು, ಯಾವುದನ್ನು ಕೇಳಿಯೇ ತಿನ್ನಬೇಕು?

ತುಂಗೆಯ_ದಡ

ಜೂನ್ 8ರಿಂದ 18ರವರೆಗೆ ಪೋರ್ಚುಗಲ್‌ಗೆ ಹೊರಟಿದ್ದೇವೆ. ಲಿಸ್ಬನ್‌ನಲ್ಲಿ ಐದು ರಾತ್ರಿ, ಎವೊರದಲ್ಲಿ ಎರಡು, ಪೋರ್ತುವಿನಲ್ಲಿ ಮೂರು. ನಾಲ್ಕು ಜನ, ನಾಲ್ಕು ಥರದ ಊಟ. ಅಮ್ಮ ಶುದ್ಧ ಸಸ್ಯಾಹಾರಿ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹೆಂಡತಿಗೆ ಮೊಟ್ಟೆ ಆಗುತ್ತದೆ. ನನಗೆ ಮೀನು, ಕೋಳಿ ನಡೆಯುತ್ತದೆ. ದನ, ಹಂದಿ ಬೇಡ. ಭಾವನಿಗೆ ಎಲ್ಲವೂ ಆಗುತ್ತದೆ, ಜೊತೆಗೆ ವೈನ್ ಬಗ್ಗೆ ಆಸಕ್ತಿ.

ನೆಟ್‌ನಲ್ಲಿರುವ ಪಟ್ಟಿಗಳಲ್ಲಿ ತಿಂಡಿಗಳ ಹೆಸರಿದೆ, ಅದರೊಳಗೆ ಏನೇನು ಹಾಕಿರುತ್ತಾರೆ ಅನ್ನುವುದಿಲ್ಲ. ಸಾರು ಅಂದುಕೊಂಡು ತೆಗೆದುಕೊಂಡದ್ದರಲ್ಲಿ ಹಂದಿ ತುಂಡು ಇದ್ದರೆ ಅಮ್ಮ ಆ ದಿನ ಪೂರ್ತಿ ಉಪವಾಸ. ತಿಳಿದವರು ಬಿಡಿಸಿ ಹೇಳಿದರೆ ಉಪಕಾರ. ಅಲ್ಲಿನ ಕಸ್ಟರ್ಡ್ ತುಂಬಿದ ನಾತ ಅನ್ನುವ ತಿನಿಸನ್ನು ಊರಿಗೆ ಬಂದಮೇಲೆ ಓಟಿಜಿ ಓವನ್ನಿನಲ್ಲಿ ಮಾಡಲು ಆಗುತ್ತದೆಯೇ ಅನ್ನುವುದನ್ನೂ ತಿಳಿಸಿ.


ಒಲೆ_ಮುಂದೆ

ಮೊದಲು ಮೇಜಿನ ಪದ್ಧತಿ ತಿಳಿದುಕೊಳ್ಳಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಕೂತ ಕೂಡಲೇ ಬ್ರೆಡ್ಡು, ಬೆಣ್ಣೆ, ಆಲಿವ್ ಕಾಯಿ, ಕೆಲವು ಕಡೆ ಚೀಸು, ಮೀನಿನ ಪೇಸ್ಟು ತಂದಿಡುತ್ತಾರೆ. ಇದಕ್ಕೆ ಕುವೆರ್ ಅಂತ ಹೆಸರು. ಇದು ಪುಕ್ಕಟೆಯಲ್ಲ, ಒಂದೊಂದಕ್ಕೂ ಮೆನುವಿನಲ್ಲಿ ಬೆಲೆ ಹಾಕಿರುತ್ತಾರೆ. ನೀವು ಕೇಳದೆ ತಂದಿಟ್ಟದ್ದನ್ನು ನೀವು ಮುಟ್ಟದಿದ್ದರೆ ಬಿಲ್ಲಿಗೆ ಸೇರಿಸುವ ಹಾಗಿಲ್ಲ, ಅಲ್ಲಿನ ಕಾನೂನು ಹಾಗಿದೆ. ಬೇಡದ್ದನ್ನು ಆಗಲೇ ವಾಪಸ್ ಕಳಿಸಿಬಿಡಿ, ಮೇಜಿನ ಮೇಲೆ ಬಿಟ್ಟುಕೊಂಡರೆ ಕೈ ಹೋಗಿಯೇ ಹೋಗುತ್ತದೆ. ಪ್ರವಾಸಿಗರು ಕುವೆರ್ ಅಂದರೆ ಮೋಸ ಅಂತ ಬಯ್ಯುತ್ತಾರೆ, ಆದರೆ ನಿಮ್ಮ ಅಮ್ಮನ ಮಟ್ಟಿಗೆ ಅದೇ ಅತ್ಯಂತ ನಂಬಿಕೆಯ ತಟ್ಟೆ. ಅಲೆಂತೇಜು ಸೀಮೆಯ ದಪ್ಪ ಸಿಪ್ಪೆಯ ಹುಳಿಬ್ರೆಡ್ಡು, ಆಲಿವ್ ಎಣ್ಣೆ, ಬೆಳ್ಳುಳ್ಳಿ ಹಾಕಿ ನೆನೆಸಿದ ಆಲಿವ್ ಕಾಯಿ, ಒಂದು ಕುರಿಹಾಲಿನ ಚೀಸು, ಮೇಲೆ ಒಂದು ಟೊಮೆಟೊ ಸಲಾಡು ಹೇಳಿದರೆ ಒಂದು ಹೊತ್ತಿನ ಊಟ ಆಯಿತು.

ಮೆನುವಿನಲ್ಲಿ ದೋಜ್, ಮೇಯ ದೋಜ್ ಅಂತ ಎರಡು ಬೆಲೆ ಇದ್ದರೆ ಪೂರ್ತಿ ಪಾಲು, ಅರ್ಧ ಪಾಲು ಅಂತ ಅರ್ಥ. ಪೂರ್ತಿ ಪಾಲು ಸಾಮಾನ್ಯವಾಗಿ ಇಬ್ಬರಿಗಾಗುತ್ತದೆ. ನಾಲ್ಕು ಜನ ನಾಲ್ಕು ದೋಜ್ ಹೇಳಿದರೆ ಅರ್ಧ ಎಸೆಯಬೇಕಾಗುತ್ತದೆ. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡೂವರೆ, ರಾತ್ರಿ ಏಳೂವರೆ ಮೇಲೆ ಅಡುಗೆಮನೆ ನಡೆಯುತ್ತದೆ. ನಡುವೆ ಬಹಳಷ್ಟು ಹೋಟೆಲ್‌ಗಳ ಒಲೆ ಆರಿರುತ್ತದೆ. ನಾಲ್ಕು ಗಂಟೆಗೆ ಹಸಿವಾದರೆ ಪಶ್ತೆಲರೀಯ, ಅಂದರೆ ಬೇಕರಿ-ಕಾಫಿ ಅಂಗಡಿಗೇ ಹೋಗಬೇಕು. ಮಧ್ಯಾಹ್ನ ಪ್ರಾತು ದು ದೀಯ, ಅಂದರೆ ಆ ದಿನದ ಅಡುಗೆ, ಕೇಳಿ. ಅಗ್ಗವೂ ಹೌದು, ಬೆಳಿಗ್ಗೆ ಮಾಡಿದ್ದೂ ಹೌದು. ಸಣ್ಣ ಹೋಟೆಲ್‌ಗಳಲ್ಲಿ ಅಲ್ಲಿನ ಬ್ಯಾಂಕಿನ ಕಾರ್ಡು ಮಾತ್ರ ನಡೆಯುವುದುಂಟು. ಕೈಯಲ್ಲಿ ನಗದು ಇರಲಿ.

ಈಗ ಅಮ್ಮನ ಊಟ. ಪೋರ್ಚುಗೀಸ್ ಅಡುಗೆಯಲ್ಲಿ ಹಂದಿ ಇರುವುದು ತುಂಡಿನ ರೂಪದಲ್ಲಿ ಮಾತ್ರ ಅಲ್ಲ, ನಮ್ಮಲ್ಲಿ ಇಂಗು-ಒಗ್ಗರಣೆ ಇದ್ದ ಹಾಗೆ ರುಚಿಗೆ ಅಂತಲೂ ಹಾಕುತ್ತಾರೆ. ಗುರುತಿಟ್ಟುಕೊಳ್ಳಬೇಕಾದ ಪದಗಳು ಇವು: ಶೊರೀಸು ಅಂದರೆ ಹೊಗೆಯಾಡಿಸಿದ ಹಂದಿ ಸಾಸೇಜು, ಪ್ರೆಜುಂತು ಅಂದರೆ ಒಣಗಿಸಿದ ಹಂದಿ ತೊಡೆ, ಫಿಯಾಂಬ್ರ್ ಅಂದರೆ ಬೇಯಿಸಿದ ಹ್ಯಾಮು, ತೋಸೀನ್ಯು ಅಂದರೆ ಹಂದಿಯ ಗಟ್ಟಿ ಕೊಬ್ಬು, ಬಾನ್ಯ ಅಂದರೆ ಕರಗಿಸಿದ ಹಂದಿ ಕೊಬ್ಬು. 'ಕಾರ್ನ್ ಇಲ್ಲದೆ' ಅಂದರೆ ಕೆಲವರ ಮನಸ್ಸಿಗೆ ಬರುವುದು ತುಂಡು ಮಾಂಸವಷ್ಟೇ. ಸಾಸೇಜಿನ ಬಿಲ್ಲೆ, ಟ್ಯೂನ ಮೀನು ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಪೂರ್ತಿ ಹೇಳಿ: 'ನಾಂವ್ ಕೋಮು ಕಾರ್ನ್, ನೇಂ ಪೇಯ್ಶ್, ನೇಂ ಓವುಶ್' — ಮಾಂಸ, ಮೀನು, ಮೊಟ್ಟೆ ಯಾವುದನ್ನೂ ತಿನ್ನುವುದಿಲ್ಲ. ಆಮೇಲೆ ತಟ್ಟೆ ತೋರಿಸಿ 'ತೇಂ ಶೊರೀಸು? ತೇಂ ಬಾನ್ಯ?' ಅಂತ ಕೇಳಿ. 'ವೆಜೆತರಿಯಾನ' ಅನ್ನುವ ಪದ ಈಗ ಎಲ್ಲರಿಗೂ ತಿಳಿದಿದೆ. 2017ರಲ್ಲಿ ಬಂದ ಕಾನೂನಿನಂತೆ ಸರ್ಕಾರಿ ಶಾಲೆ, ಆಸ್ಪತ್ರೆ, ವಿಶ್ವವಿದ್ಯಾಲಯದ ಕ್ಯಾಂಟೀನುಗಳಲ್ಲಿ ಪ್ರಾಣಿಮೂಲದ ಪದಾರ್ಥವಿಲ್ಲದ ಒಂದು ಊಟ ಇಡಲೇಬೇಕು.

ನೋಡಲು ಸಸ್ಯಾಹಾರ, ಒಳಗೆ ಬೇರೆ — ಅಂಥವು ಮುಖ್ಯವಾಗಿ ನಾಲ್ಕು. ಕಾಲ್ದು ವೆರ್ದ್ ಆಲೂಗಡ್ಡೆ ಮತ್ತು ಸಣ್ಣಗೆ ಹೆಚ್ಚಿದ ಎಲೆಕೋಸಿನ ಜಾತಿಯ ಸೊಪ್ಪಿನ ಸಾರು. ಮೇಲಿನ ಶೊರೀಸು ಬಿಲ್ಲೆ ತೆಗೆಸಿದರೆ ಸಾಲದು, ಎಷ್ಟೋ ಕಡೆ ಸಾಸೇಜನ್ನು ಸಾರಿನಲ್ಲೇ ಕುದಿಸಿರುತ್ತಾರೆ. ಅಸೋರ್ದ ಅಲೆಂತೆಜಾನ ಎವೊರದ ಕಡೆಯ ಊಟ: ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು, ಕಲ್ಲುಪ್ಪು ಕುಟ್ಟಿ, ಆಲಿವ್ ಎಣ್ಣೆ ಸುರಿದು, ಕುದಿನೀರು ಹೊಯ್ದು, ಹಳೇ ಬ್ರೆಡ್ಡಿನ ತುಂಡು ಹಾಕುತ್ತಾರೆ. ವಾಸನೆ ನಮ್ಮ ಮನೆಯದೇ. ಆದರೆ ಆ ಕುದಿನೀರು ಬಹಳ ಸಲ ಮೀನು ಬೇಯಿಸಿದ ನೀರು, ಮೇಲೊಂದು ಮೊಟ್ಟೆ ಬೇರೆ. 'ಸೋ ಆಗ್ವ?' — ಬರೀ ನೀರೇನಾ — ಅಂತ ಕೇಳಿ, ಮೊಟ್ಟೆ ಬೇಡ ಅನ್ನಿ. ಅಲಸಂದೆ ಸಲಾಡಿನಲ್ಲಿ ಟ್ಯೂನ ಬೆರೆತಿರುತ್ತದೆ, 'ಸೇಂ ಅತೂಂ' ಅಂದರೆ ಬೇರೆ ಮಾಡಿಕೊಡುತ್ತಾರೆ. ರಾಜ್ಮಾದಂಥ ಕೆಂಪು ಕಾಳು ಹಾಕಿದ ಅನ್ನ, ಅರ್ರೋಶ್ ದ ಫೇಯ್ಜಾಂವ್, ಇದರಲ್ಲೂ ಸಾಸೇಜು ಚೂರು ಇರಬಹುದು. ಟೊಮೆಟೊ ಅನ್ನ ಸಾಮಾನ್ಯವಾಗಿ ಸುರಕ್ಷಿತ, ಆದರೂ ಒಂದು ಮಾತು ಕೇಳಿಬಿಡಿ.

ಪೇಯ್ಶೀನ್ಯುಶ್ ದ ಓರ್ತ ಅಂತ ಕಂಡರೆ ಹೆಸರಿಗೆ ಹೆದರಬೇಡಿ. 'ತೋಟದ ಪುಟ್ಟ ಮೀನು' ಅಂತ ಅರ್ಥ, ವಸ್ತು ಮಾತ್ರ ಬೀನ್ಸ್ ಬಜ್ಜಿ. ಉದ್ದ ಬೀನ್ಸನ್ನು ಇಡಿಯಾಗಿ ಬೇಯಿಸಿ, ಗೋಧಿ ಹಿಟ್ಟು-ಮೊಟ್ಟೆಯ ಕಲಸಿಗೆ ಅದ್ದಿ ಕರಿಯುತ್ತಾರೆ. ಜಪಾನಿನ ತೆಂಪುರದ ಮೂಲ ಹದಿನಾರನೇ ಶತಮಾನದಲ್ಲಿ ಅಲ್ಲಿಗೆ ಹೋದ ಪೋರ್ಚುಗೀಸರ ಈ ಬಗೆಯ ಕರಿಯುವಿಕೆ ಅಂತಲೇ ಹೇಳುತ್ತಾರೆ. ನಿಮ್ಮ ಮನೆಯವರಿಗೆ ಇದು ಸರಿ, ಅಮ್ಮನಿಗೆ ಮೊಟ್ಟೆಯ ಕಾರಣ ಆಗದು.

ನಿಮಗೆ ಒಂದು ಎಚ್ಚರಿಕೆ: ಅರ್ರೋಶ್ ದ ಪಾತು ಅಂದರೆ ಬಾತುಕೋಳಿ ಅನ್ನ, ಆದರೆ ಮೇಲೆ ಶೊರೀಸು ಹೊದಿಸಿಯೇ ಒಲೆಗಿಡುತ್ತಾರೆ. ಅಲ್ಯೇಯ್ರ ಅನ್ನುವ ಸಾಸೇಜು ಬಲವಂತದ ಮತಾಂತರದ ಕಾಲದಲ್ಲಿ ಯಹೂದಿಗಳು ಹಂದಿ ತಪ್ಪಿಸಲು ಬ್ರೆಡ್ಡು-ಕೋಳಿ ಮಾಂಸದಲ್ಲಿ ಮಾಡಿಕೊಂಡದ್ದು ಅಂತ ಪ್ರತೀತಿ. ಕಥೆ ನಂಬಿ ತಿನ್ನಬೇಡಿ, ಈಗ ಮಾರುವ ಹೆಚ್ಚಿನದರಲ್ಲಿ ಹಂದಿ ಇರುತ್ತದೆ. ಪೋರ್ತುವಿನ ಫ್ರಾಂಸೆಜೀನ್ಯ ಭಾವನ ಪಾಲಿಗೆ ಬಿಡಿ. ಬ್ರೆಡ್ಡಿನ ನಡುವೆ ದನದ ಮಾಂಸ, ಹ್ಯಾಮು, ಸಾಸೇಜು, ಮೇಲೆ ಚೀಸು ಕರಗಿಸಿ ಟೊಮೆಟೊ-ಬಿಯರಿನ ಖಾರದ ಸಾಸು ಸುರಿಯುತ್ತಾರೆ. ಸಸ್ಯಾಹಾರಿ ರೂಪವೂ ಸಿಗುತ್ತದೆ, ಆದರೆ ಆ ಸಾಸನ್ನು ಮಾಂಸದ ಸಾರಿನಲ್ಲಿ ಕುದಿಸಿದ್ದಾರೋ ಇಲ್ಲವೋ ಕೇಳಬೇಕು.


ಬೂತಾಯಿ_ಪುಳಿಮುಂಚಿ

ಮೀನಿನ ಭಾಗ ನಾನು ಹೇಳುತ್ತೇನೆ.

ಬಕಲ್ಯಾವ್ ಅಂದರೆ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ಪೋರ್ಚುಗಲ್ ಕಡಲಲ್ಲಿ ಅದು ಹುಟ್ಟುವುದೇ ಇಲ್ಲ. ಹಿಂದೆ ನ್ಯೂಫೌಂಡ್‌ಲ್ಯಾಂಡ್‌ವರೆಗೆ ಹಡಗಿನಲ್ಲಿ ಹೋಗಿ ತರುತ್ತಿದ್ದರು, ಈಗ ಹೆಚ್ಚಿನದು ನಾರ್ವೆ, ಐಸ್‌ಲ್ಯಾಂಡ್‌ನಿಂದ ಬರುತ್ತದೆ. ನಮ್ಮ ಕರಾವಳಿಯ ಒಣಮೀನಿನ ಗಾಟು ವಾಸನೆ ನಿರೀಕ್ಷಿಸಬೇಡಿ. ಒಂದರಿಂದ ಎರಡು ದಿನ ತಣ್ಣೀರಿನಲ್ಲಿಟ್ಟು, ನಾಲ್ಕಾರು ಸಲ ನೀರು ಬದಲಿಸಿ ಉಪ್ಪು ತೆಗೆಯುತ್ತಾರೆ. ಚರ್ಮ ಮೇಲೆ ಬರುವ ಹಾಗಿಟ್ಟರೆ ಉಪ್ಪು ಕೆಳಕ್ಕೆ ಇಳಿದುಹೋಗುತ್ತದೆ. ಚರ್ಮ ಕೆಳಗಾದರೆ ಅದೇ ಅಡ್ಡ ನಿಂತು ಉಪ್ಪು ಒಳಗೇ ಉಳಿಯುತ್ತದೆ. ಚೆನ್ನಾಗಿ ಬೆಂದ ತುಂಡಿಗೆ ಫೋರ್ಕು ತಾಗಿಸಿದರೆ ಸಾಕು, ಹೊಳೆಯುವ ದಪ್ಪ ಪದರಗಳಾಗಿ ಜಾರುತ್ತದೆ. ನಾರುನಾರಾಗಿ ಎಳೆದು ಬಂದರೆ ಜಾಸ್ತಿ ಬೆಂದಿದೆ ಅಂತ.

ಮೊದಲ ಸಲಕ್ಕೆ ಬಕಲ್ಯಾವ್ ಆ ಬ್ರಾಶ್ ಹೇಳಿ. ಮೀನನ್ನು ಎಳೆಎಳೆ ಬಿಡಿಸಿ, ಈರುಳ್ಳಿ, ಕಡ್ಡಿಯಂತೆ ಸಣ್ಣಗೆ ಕರಿದ ಆಲೂಗಡ್ಡೆ ಸೇರಿಸಿ, ಮೊಟ್ಟೆ ಒಡೆದು ಕಲಸುತ್ತಾರೆ. ಮೊಟ್ಟೆ ಅರೆಗಟ್ಟಿಯಾಗಿ, ಹಸಿಹಸಿಯಾಗಿ ಹೊಳೆಯುತ್ತಿರಬೇಕು. ಬುರ್ಜಿಯ ಹಾಗೆ ಉದುರಾಗಿದ್ದರೆ ಒಲೆಯ ಮೇಲೆ ಹೊತ್ತು ಮೀರಿದೆ. ಪೋರ್ತುವಿಗೆ ಹೋದಾಗ ಗೋಮ್ಶ್ ದ ಸಾ ರೀತಿಯದು ಕೇಳಿ, ಅದು ಆ ಊರಿನದೇ: ಆಲೂಗಡ್ಡೆ, ಈರುಳ್ಳಿ, ಮೀನಿನ ಪದರ, ಬೇಯಿಸಿದ ಮೊಟ್ಟೆ, ಕಪ್ಪು ಆಲಿವ್, ಎಣ್ಣೆ ಹೊಯ್ದು ಓವನ್ನಿಗೆ. ನಿಂತು ತಿನ್ನಲು ಪಶ್ತೆಲ್ ದ ಬಕಲ್ಯಾವ್ ಇದೆ, ಉತ್ತರದಲ್ಲಿ ಅದನ್ನೇ ಬೊಲೀನ್ಯು ಅನ್ನುತ್ತಾರೆ. ಆಲೂಗಡ್ಡೆ, ಮೀನು, ಮೊಟ್ಟೆ, ಪಾರ್ಸ್ಲಿ ಕಲಸಿ ಎರಡು ಚಮಚದ ನಡುವೆ ಮೂರು ಮೂಲೆಯ ಉಂಡೆ ಕಟ್ಟಿ ಕರಿದದ್ದು. ಒಳಗೆ ಚೀಸು ತುಂಬಿದ್ದು ಪ್ರವಾಸಿಗರಿಗಾಗಿ ಬಂದ ಹೊಸ ಸೇರ್ಪಡೆ. ಚೀಸಿನ ರುಚಿ ಎದ್ದು ಮೀನು ಮುಚ್ಚಿಹೋಗುತ್ತದೆ, ಬಿಟ್ಟುಬಿಡಿ.

ನೀವು ಹೋಗುವ ತಿಂಗಳು ಸಾರ್ಡೀನ್‌ಗೆ, ಅಂದರೆ ನಮ್ಮ ಬೂತಾಯಿಯ ದಾಯಾದಿಗೆ, ಹೇಳಿಮಾಡಿಸಿದ್ದು. ಚಳಿಗಾಲದಲ್ಲಿ ಸೊರಗಿದ ಮೀನಿಗೆ ಜೂನ್ ಹೊತ್ತಿಗೆ ಕೊಬ್ಬು ತುಂಬಲು ಶುರುವಾಗುತ್ತದೆ. ಕಲ್ಲುಪ್ಪು ಉದುರಿಸಿ, ಹೊಟ್ಟೆ ಸೀಳದೆ, ಇದ್ದಿಲ ಕೆಂಡದ ಮೇಲೆ ಇಡಿಯಾಗಿ ಸುಡುತ್ತಾರೆ. ಮಸಾಲೆ ಇಲ್ಲ, ಹುಣಸೆ ಇಲ್ಲ. ತಿನ್ನುವ ಕ್ರಮ ಹೀಗೆ: ಒಂದು ಚೂರು ಬ್ರೆಡ್ಡಿನ ಮೇಲೆ ಮೀನಿಟ್ಟುಕೊಂಡು, ಚರ್ಮ ಸರಿಸಿ, ಮೇಲಿನ ಅರ್ಧ ತಿಂದು, ಬಾಲ ಹಿಡಿದು ಮುಳ್ಳನ್ನು ಎತ್ತಿದರೆ ಕೆಳಗಿನ ಅರ್ಧ ಬಿಡಿಸಿಕೊಂಡು ಬರುತ್ತದೆ. ನಾಲ್ಕೈದು ಮೀನಾದ ಮೇಲೆ ಆ ಬ್ರೆಡ್ಡು ಎಣ್ಣೆ, ಉಪ್ಪು, ಹೊಗೆ ಕುಡಿದು ಮೆತ್ತಗಾಗಿರುತ್ತದೆ. ಅದನ್ನು ಕೊನೆಗೆ ತಿನ್ನಬೇಕು. ಮೀನಿಗಿಂತ ಅದೇ ಒಂದು ಕೈ ಮೇಲು ಅನ್ನುವುದು ನನ್ನ ಅಭಿಪ್ರಾಯ. ಜೊತೆಗೆ ಕೆಂಡದಲ್ಲಿ ಸುಟ್ಟ ದಪ್ಪ ಮೆಣಸಿನಕಾಯಿ ಸಲಾಡು, ಬೇಯಿಸಿದ ಆಲೂಗಡ್ಡೆ ಬರುತ್ತದೆ. ಅವು ಅಮ್ಮನಿಗೂ ಆಗುತ್ತವೆ, ಮೀನು ಸುಟ್ಟ ಜಾಲರಿ ಮುಟ್ಟದ್ದನ್ನು ಕೇಳಿ.

ಅಮೇಯ್ಜುವಶ್ ಆ ಬುಲ್ಯಾಂವ್ ಪಾತು ಅಂದರೆ ಮರುವಾಯಿ ಅನ್ನುವ ಚಿಪ್ಪುಮೀನು, ಆಲಿವ್ ಎಣ್ಣೆ, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು, ನಿಂಬೆ. ಸಾಮಾನ್ಯವಾಗಿ ಸ್ವಲ್ಪ ಬಿಳಿ ವೈನೂ ಇರುತ್ತದೆ. ಹತ್ತೊಂಬತ್ತನೇ ಶತಮಾನದ ಕವಿಯೊಬ್ಬರ ಹೆಸರು ಇಟ್ಟಿದ್ದಾರೆ. ಬೆಂದ ಮೇಲೂ ಬಾಯಿ ಬಿಡದ ಚಿಪ್ಪನ್ನು ಬಲವಂತವಾಗಿ ತೆರೆಯಬೇಡಿ. ತಳದ ರಸಕ್ಕೆ ಬ್ರೆಡ್ಡು ಬೇಕೇ ಬೇಕು. ಮೆನುವಿನಲ್ಲಿ 'ಆ ಅಲೆಂತೆಜಾನ' ಅಂತ ಮರುವಾಯಿಯ ಜೊತೆ ಕಂಡರೆ ಅದು ಹಂದಿ ಮಾಂಸ ಬೆರೆಸಿದ್ದು, ನಿಮಗಲ್ಲ.

ಪೋಲ್ವು ಆ ಲಗರೇಯ್ರು ಅಷ್ಟಪದಿಯ ಅಡುಗೆ. ಲಗರೇಯ್ರು ಅಂದರೆ ನಮ್ಮ ಗಾಣಿಗ, ಆಲಿವ್ ಗಾಣದವನು. ಅಷ್ಟು ಧಾರಾಳವಾಗಿ ಎಣ್ಣೆ ಸುರಿಯುತ್ತಾರೆ ಅಂತ ಆ ಹೆಸರು. ಮೊದಲು ಬೇಯಿಸಿ ಮೆತ್ತಗಾದ ಮೇಲೆ ಓವನ್ನಿನಲ್ಲಿ ಬೆಳ್ಳುಳ್ಳಿ ಜೊತೆ ಹುರಿಯುತ್ತಾರೆ, ಪಕ್ಕದಲ್ಲಿ ಸಿಪ್ಪೆ ಸಮೇತ ಸುಟ್ಟು ಮುಷ್ಟಿಯಿಂದ ಗುದ್ದಿ ಬಿರಿಸಿದ ಆಲೂಗಡ್ಡೆ. ರಬ್ಬರಿನ ಹಾಗೆ ಜಗಿಯಬೇಕಾದರೆ ಮೊದಲ ಬೇಯಿಸುವಿಕೆ ಸಾಲದು.

ಸಿಗಡಿ, ಏಡಿ, ಚಿಪ್ಪು ಹಾಕಿದ ಅನ್ನ, ಅರ್ರೋಶ್ ದ ಮರೀಶ್ಕು, ನಮ್ಮ ಪಲಾವಿನ ಥರ ಉದುರಲ್ಲ, ಸಾರು ತೇಲುವಂತಿರುತ್ತದೆ. ಸಾಮಾನ್ಯವಾಗಿ ಇಬ್ಬರಿಗೆ ಅಂತಲೇ ಮಾಡುತ್ತಾರೆ, ಅರ್ಧ ಗಂಟೆ ಹಿಡಿಯುತ್ತದೆ. ಬಂದ ತಕ್ಷಣ ಬಡಿಸಿಕೊಳ್ಳಿ. ಫೋಟೊ ತೆಗೆಯುತ್ತ ಹತ್ತು ನಿಮಿಷ ಕೂತರೆ ಅಕ್ಕಿ ಸಾರನ್ನೆಲ್ಲ ಹೀರಿ ಮುದ್ದೆಯಾಗುತ್ತದೆ.

ತಾಜಾ ಮೀನಿನ ಬೆಲೆ ಮೆನುವಿನಲ್ಲಿ ಕಿಲೋ ಲೆಕ್ಕದಲ್ಲಿರುತ್ತದೆ. ಅದನ್ನು ಒಂದು ತಟ್ಟೆಯ ಬೆಲೆ ಅಂದುಕೊಂಡು ಹೇಳಿ, ಬಿಲ್ಲು ನೋಡಿ ಬೆಚ್ಚಿಬೀಳುವವರು ಬಹಳ. ಮೀನು ತೋರಿಸಿ, ತೂಗಿಸಿ, ಎಷ್ಟಾಗುತ್ತದೆ ಅಂತ ಕೇಳಿದ ಮೇಲೆ ಒಲೆಗೆ ಕಳಿಸಿ. ಒಬ್ಬರಿಗೆ 400 ಗ್ರಾಮಿನ ಇಡೀ ಮೀನು ಸಾಕು.

ಖಾರದ ನಾಲಿಗೆಯವರಿಗೆ ಇಡೀ ದೇಶದ ಊಟ ಸಪ್ಪೆ. ಭಾರತಕ್ಕೆ ಮೆಣಸಿನಕಾಯಿ ತಂದವರು ಅವರೇ, ಆದರೆ ತಮ್ಮ ಊಟಕ್ಕೆ ಅಷ್ಟು ಹಾಕಿಕೊಳ್ಳಲಿಲ್ಲ. 'ತೇಂ ಪಿರಿಪಿರಿ?' ಅಂದರೆ ಮೆಣಸಿನೆಣ್ಣೆಯ ಬಾಟಲಿ ತಂದುಕೊಡುತ್ತಾರೆ. ಇದ್ದಿಲಲ್ಲಿ ಸುಟ್ಟ ಕೋಳಿಗೂ ಅದೇ ಸವರುತ್ತಾರೆ. ಬೇಕರಿ ಗಾಜಿನ ಹಿಂದೆ ಶಮೂಸ ಕಂಡರೆ ಅದು ನಮ್ಮ ಸಮೋಸವೇ, ಗೋವಾ ದಾರಿಯಲ್ಲಿ ಹೋದದ್ದು. ಒಳಗೆ ಹೆಚ್ಚಾಗಿ ಕೈಮ ಇರುತ್ತದೆ, ತರಕಾರಿಯದು ಬೇಕಾದರೆ 'ದ ಲೆಗುಮ್ಶ್' ಅಂತ ಕೇಳಿ.


ಕಾಪಿ_ಡಿಕಾಕ್ಷನ್

ಕುಡಿಯುವುದರ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ.

ಲಿಸ್ಬನ್‌ನಲ್ಲಿ ಬೀಕ ಅಂದರೆ ಸಣ್ಣ ಕಪ್ಪಿನ ಗಟ್ಟಿ ಕಾಫಿ. ಪೋರ್ತುವಿನಲ್ಲಿ ಬರೀ ಕಫೆ ಅನ್ನಿ. ಹುರಿಯುವುದು ಗಾಢ, ಮಿಶ್ರಣದಲ್ಲಿ ರೊಬಸ್ಟಾ ಇರುತ್ತದೆ, ಕೊಡಗಿನ ಕಾಫಿ ಕುಡಿದವರಿಗೆ ಆ ಕಹಿ ಪರಿಚಯದ್ದೇ. ಹಾಲು ಬೇಕಾದವರು ಗಲಾಂವ್ ಅಂತ ಹೇಳಿ ಎತ್ತರದ ಲೋಟದಲ್ಲಿ ಬಂದದ್ದು ನೋಡಿ ಬೇಸರಪಡುತ್ತಾರೆ. ಅದು ಮುಕ್ಕಾಲು ಪಾಲು ಹಾಲು. ನಮ್ಮ ಫಿಲ್ಟರ್ ಕಾಫಿಗೆ ಹತ್ತಿರದ್ದು ಮೇಯ ದ ಲೇಯ್ತ್, ಅರ್ಧ ಕಾಫಿ ಅರ್ಧ ಹಾಲು, ದೊಡ್ಡ ಕಪ್ಪಿನಲ್ಲಿ. ಗರೋತು ಅಂದರೆ ಅದರ ಪುಟ್ಟ ರೂಪ. ರಾತ್ರಿ ಕಾಫಿ ಬೇಡ ಅನ್ನುವ ಹಿರಿಯರಿಗೆ ಕರಿಯೋಕ ದ ಲಿಮಾಂವ್ ಕೇಳಿ: ನಿಂಬೆ ಸಿಪ್ಪೆಗೆ ಬಿಸಿನೀರು ಹೊಯ್ದದ್ದು ಅಷ್ಟೇ. ಕಟ್ಟೆಯ ಬಳಿ ನಿಂತು ಕುಡಿದರೆ ಒಂದು ಬೆಲೆ, ಹೊರಗಿನ ಮೇಜಿಗೆ ಇನ್ನೊಂದು ಬೆಲೆ ಇರಬಹುದು, ಗೋಡೆಯ ಪಟ್ಟಿ ನೋಡಿ. ನೀರು ಕೇಳಿದರೆ 'ಫ್ರೆಶ್ಕ ಅಥವಾ ನತುರಾಲ್?' ಅನ್ನುತ್ತಾರೆ. ನತುರಾಲ್ ಅಂದರೆ ತಣ್ಣಗಿಲ್ಲದ ನೀರು. ನಲ್ಲಿ ನೀರೂ ಕುಡಿಯಲು ಯೋಗ್ಯ.

ಚಹಾ ಬೇಕಾದರೆ ಅಸೋರ್ಸ್ ದ್ವೀಪಗಳ ಗೊರ್ರಿಯಾನ ಹೆಸರಿನದು ಹುಡುಕಿ. ಸಾಂ ಮಿಗೆಲ್ ದ್ವೀಪದಲ್ಲಿ 1883ರಿಂದ ಬೆಳೆಯುತ್ತಿದ್ದಾರೆ.

ಈಗ ಭಾವನವರ ವಿಷಯ. ವೀನ್ಯು ವೆರ್ದ್ ಅಂದರೆ ಪದಶಃ ಹಸಿರು ವೈನು, ಬಣ್ಣ ಹಸಿರಲ್ಲ. ವಾಯವ್ಯದ ಮೀನ್ಯು ಸೀಮೆಯದು, ಎಳೆಯದಾಗಿಯೇ ಕುಡಿಯುವಂಥದು, ಹುಳಿ ಹೆಚ್ಚು, ಮದ್ಯಾಂಶ ಕಡಿಮೆ. ಸಾರ್ಡೀನ್ ಕೊಬ್ಬಿಗೆ ಆ ಹುಳಿಯೇ ಸರಿ. ಇನ್ನೂ ಗಟ್ಟಿ ರುಚಿ ಬೇಕಾದರೆ ಲೇಬಲ್ಲಿನಲ್ಲಿ ಅಲ್ವರೀನ್ಯು ದ್ರಾಕ್ಷಿ, ಮೊಂಸಾಂವ್-ಮೆಲ್ಗಾಸು ಅನ್ನುವ ಸೀಮೆಯ ಹೆಸರು ನೋಡಿ.

ಪೋರ್ಟ್ ವೈನಿನ ತೋಟಗಳು ದೋರು ಕಣಿವೆಯಲ್ಲಿವೆ, 1756ರಲ್ಲೇ ಅದರ ಎಲ್ಲೆ ಗುರುತಿಸಿದ್ದರು. ಮಾಗಿಸುವ ಉಗ್ರಾಣಗಳು ಪೋರ್ತು ಊರಿನಲ್ಲಿಲ್ಲ, ಹೊಳೆಯ ಆಚೆ ದಡದ ವಿಲ ನೋವ ದ ಗಾಯದಲ್ಲಿ. ಸೇತುವೆ ದಾಟಿ ನಡೆದೇ ಹೋಗಬಹುದು. ದ್ರಾಕ್ಷಿರಸ ಹುದುಗುತ್ತಿರುವಾಗಲೇ, ಸಕ್ಕರೆಯೆಲ್ಲ ಮದ್ಯವಾಗುವ ಮೊದಲು, 77 ಪ್ರತಿಶತದ ದ್ರಾಕ್ಷಿ ಸಾರಾಯಿ ಬೆರೆಸುತ್ತಾರೆ. ಹುದುಗು ಸಾಯುತ್ತದೆ, ಸಿಹಿ ಉಳಿಯುತ್ತದೆ, ಮದ್ಯಾಂಶ 20ರ ಆಸುಪಾಸಿಗೆ ಏರುತ್ತದೆ. ಸಾಂಪ್ರದಾಯಿಕ ಅಳತೆ 435 ಲೀಟರ್ ರಸಕ್ಕೆ 115 ಲೀಟರ್ ಸಾರಾಯಿ, ಒಟ್ಟು 550 ಲೀಟರಿನ ಒಂದು 'ಪೀಪ'. ನಮ್ಮ ಪೀಪಾಯಿ ಬಂದದ್ದು ಇದೇ ಪದದಿಂದ.

ರುಚಿ ನೋಡುವಾಗ ಬಿಳಿ ಪೋರ್ಟ್, ರೂಬಿ, ಕೊನೆಗೆ ಟಾನಿ, ಈ ಕ್ರಮದಲ್ಲಿ ಹೋದರೆ ನಾಲಿಗೆ ದಣಿಯುವುದಿಲ್ಲ. ರೂಬಿ ಗಾಳಿ ತಾಗದೆ ಮಾಗಿದ್ದು, ಹಣ್ಣಿನ ರುಚಿ. ಟಾನಿ ಸಣ್ಣ ಪೀಪಾಯಿಗಳಲ್ಲಿ ಮರದ ಮೂಲಕ ಗಾಳಿ ಕುಡಿದು ಕಂದಿದ್ದು, ಒಣಹಣ್ಣು, ಬಾದಾಮಿ ರುಚಿ. ಊರಿಗೆ ಒಂದೇ ಬಾಟಲಿ ತರುವುದಾದರೆ 10 ಅಥವಾ 20 ವರ್ಷದ ಟಾನಿ ತನ್ನಿ, ತೆರೆದ ಮೇಲೂ ಕೆಲವು ವಾರ ಫ್ರಿಜ್ಜಿನಲ್ಲಿ ಉಳಿಯುತ್ತದೆ. ವಿಂಟೇಜ್ ಬಾಟಲಿಯ ತಳದಲ್ಲಿ ಗಷ್ಟು ಇರುತ್ತದೆ, ಸೋಸಬೇಕು, ತೆರೆದರೆ ಎರಡು ಮೂರು ದಿನದಲ್ಲಿ ಮುಗಿಸಬೇಕು. ಒಬ್ಬರೇ ಕುಡಿಯುವ ಮನೆಗೆ ಅದು ದಂಡ. ಬಿಸಿಲಿನ ಹೊತ್ತಿಗೆ ಒಣ ಬಿಳಿ ಪೋರ್ಟ್ ಒಂದು ಪಾಲು, ಟಾನಿಕ್ ನೀರು ಎರಡು ಪಾಲು, ಐಸು, ನಿಂಬೆ ಅಥವಾ ಕಿತ್ತಳೆ ಸಿಪ್ಪೆ; ಪೋರ್ತು ತೋನಿಕು ಅಂತ ಕೇಳಿದರೆ ಸಿಗುತ್ತದೆ.

ಲಿಸ್ಬನ್‌ನಲ್ಲಿ ಜಿಂಜೀನ್ಯ ತಪ್ಪಿಸಬೇಡಿ. ಹುಳಿ ಚೆರ್ರಿ ಹಣ್ಣನ್ನು ಸಾರಾಯಿ, ಸಕ್ಕರೆಯಲ್ಲಿ ನೆನೆಹಾಕಿದ ಸಿಹಿ ಪೇಯ, ರೊಸ್ಸಿಯು ಚೌಕದ ಹತ್ತಿರ ಕಿರಿದಾದ ಅಂಗಡಿಗಳಲ್ಲಿ ನಿಂತೇ ಕುಡಿಯುವುದು. 'ಕೊಂ ಏಲಶ್ ಓ ಸೇಂ ಏಲಶ್?' ಅಂತ ಕೇಳುತ್ತಾರೆ, ಲೋಟಕ್ಕೆ ಹಣ್ಣು ಬೇಕೋ ಬೇಡವೋ ಅಂತ. ಬೇಕು ಅಂದರೆ ಹಣ್ಣು ಸಾರಾಯಿ ಹೀರಿ ತೀಕ್ಷ್ಣವಾಗಿರುತ್ತದೆ, ಒಳಗೆ ಬೀಜ ಇದೆ, ಹಲ್ಲು ಜೋಪಾನ.


ತುಂಗೆಯ_ದಡ

ಎಲ್ಲರಿಗೂ ಧನ್ಯವಾದ, ಪ್ರಿಂಟ್ ತೆಗೆದಿಟ್ಟುಕೊಳ್ಳುತ್ತಿದ್ದೇನೆ. ಎರಡು ಉಳಿದವು. ಚೀಸಿಗೆ ಕರುವಿನ ಹೊಟ್ಟೆಯ ಹೆಪ್ಪು ಹಾಕುತ್ತಾರೆ ಅಂತ ಅಮ್ಮನಿಗೆ ಯಾರೋ ಹೇಳಿದ್ದಾರೆ, ಈಗ ಚೀಸೂ ಬೇಡ ಅನ್ನುತ್ತಿದ್ದಾರೆ. ಮತ್ತೆ, ಮೊಟ್ಟೆ ಇಲ್ಲದ ಸಿಹಿ ಅಲ್ಲಿ ಏನೂ ಇಲ್ಲವೇ?


ಒಲೆ_ಮುಂದೆ

ಅಮ್ಮನವರ ಅನುಮಾನ ಸರಿಯಾದದ್ದೇ, ಆದರೆ ಪೋರ್ಚುಗಲ್‌ನಲ್ಲಿ ಅದಕ್ಕೆ ಒಳ್ಳೆಯ ಉತ್ತರ ಇದೆ. ಸೆರ್ರ ದ ಇಶ್ತ್ರೇಲ, ಅಜೇಯ್ತಾಂವ್, ಸೆರ್ಪ, ನೀಜ, ಎವೊರ — ಈ ಹೆಸರಿನ ಮೂಲಸ್ಥಾನ ಗುರುತಿರುವ ಕುರಿಹಾಲಿನ ಚೀಸುಗಳಿಗೆ ಹೆಪ್ಪು ಹಾಕುವುದು ಕಾರ್ದು ಅನ್ನುವ ಮುಳ್ಳುಗಿಡದ ನೇರಳೆ ಹೂವಿನಿಂದ. ಒಣಗಿಸಿದ ಹೂವಿನ ಎಳೆಗಳನ್ನು ನೀರಲ್ಲಿ ನೆನೆಸಿ, ಕಿವುಚಿ, ಸೋಸಿದ ನೀರನ್ನು ಬೆಚ್ಚಗಿನ ಹಾಲಿಗೆ ಬೆರೆಸುತ್ತಾರೆ. ಪ್ರಾಣಿಯ ಹೆಪ್ಪಿಲ್ಲ. ಆ ಹೂವಿನ ಕಾರಣಕ್ಕೇ ಚೀಸು ಒಳಗೆ ಬೆಣ್ಣೆಯಂತೆ ಸಡಿಲವಾಗಿ, ಕೊನೆಯಲ್ಲಿ ಸಣ್ಣ ಕಹಿ ಬಿಟ್ಟು ಹೋಗುತ್ತದೆ. ಲೇಬಲ್ಲಿನಲ್ಲಿ 'ಕಾರ್ದು' ಅಂತ ಇದೆಯೇ ನೋಡಿ. 'ಕುವಾಲ್ಯು ಅನಿಮಾಲ್' ಅಂತಿದ್ದರೆ ಬಿಡಿ. ಅಜೇಯ್ತಾಂವ್ ಅಂಗೈಯಷ್ಟಗಲದ ಪುಟ್ಟ ಬಿಲ್ಲೆ, ನಾಲ್ಕು ಜನಕ್ಕೆ ಒಂದು ಸಾಕು. ಫ್ರಿಜ್ಜಿನಿಂದ ತೆಗೆದು ಒಂದು ಗಂಟೆ ಹೊರಗಿಡಿ, ಮೇಲಿನ ಸಿಪ್ಪೆಯನ್ನು ಮುಚ್ಚಳದ ಹಾಗೆ ಕೊಯ್ದು, ಚಮಚದಲ್ಲಿ ತೆಗೆದು ಬ್ರೆಡ್ಡಿಗೆ ಸವರಿ. ತಣ್ಣಗಿದ್ದಾಗ ಕೊಯ್ದರೆ ಗಟ್ಟಿ, ರುಚಿಯೂ ಮುಚ್ಚಿಕೊಂಡಿರುತ್ತದೆ.

ಸಿಹಿಯ ವಿಷಯದಲ್ಲಿ ಅಮ್ಮನಿಗೆ ಆಯ್ಕೆ ಕಡಿಮೆ. ಅಲ್ಲಿನ ಹೆಸರಾಂತ ಸಿಹಿಗಳು ಕ್ರೈಸ್ತ ಮಠಗಳಲ್ಲಿ ಹುಟ್ಟಿದವು, ಮೊಟ್ಟೆಯ ಹಳದಿ ಮತ್ತು ಸಕ್ಕರೆ ಪಾಕವೇ ಅವುಗಳ ಜೀವಾಳ. ಬಿಳಿ ಭಾಗ ಬಟ್ಟೆಗೆ ಗಂಜಿ ಹಾಕಲು ಹೋಗುತ್ತಿತ್ತು, ಉಳಿದ ಹಳದಿಯಿಂದ ಇಷ್ಟೆಲ್ಲ ಬೆಳೆಯಿತು ಅನ್ನುತ್ತಾರೆ. ಅರ್ರೋಶ್ ದೋಸ್, ಅಂದರೆ ನಿಂಬೆ ಸಿಪ್ಪೆ, ಚಕ್ಕೆ ಹಾಕಿದ ಗಟ್ಟಿ ಅಕ್ಕಿ ಪಾಯಸ, ಮೊಟ್ಟೆ ಇಲ್ಲದೆಯೂ ಮಾಡುತ್ತಾರೆ, ಹಾಕಿಯೂ ಮಾಡುತ್ತಾರೆ. ಬಣ್ಣ ಹಳದಿಯಾಗಿದ್ದರೆ ಹಾಕಿದ್ದಾರೆ ಅಂತಲೇ ತಿಳಿಯಿರಿ. ನಿಶ್ಚಿಂತೆಯಿಂದ ತಿನ್ನಬಹುದಾದದ್ದು ಮಾರ್ಮೆಲಾದ: ಮಾರ್ಮೆಲು ಅನ್ನುವ ಹಣ್ಣನ್ನು ಸಕ್ಕರೆ ಜೊತೆ ಕಾಯಿಸಿ ಹಲ್ವದಂತೆ ಕಟ್ಟಿ, ಬಿಲ್ಲೆ ಕೊಯ್ದು ಚೀಸಿನ ಜೊತೆ ಕೊಡುತ್ತಾರೆ. ಓವನ್ನಿನಲ್ಲಿ ಸುಟ್ಟ ಸೇಬು, ಮಸಾಂ ಅಸಾದ, ಕೂಡ ಇದೆ, ಅದಕ್ಕೆ ಪೋರ್ಟ್ ಹಾಕಿದ್ದಾರೋ ಕೇಳಿ.

ನಿಮ್ಮ ಮನೆಯವರಿಗೂ ಒಂದು ಮಾತು. ಮೊಟ್ಟೆ ತಿನ್ನುತ್ತೇನೆ ಅಂತ ಎಲ್ಲ ಸಿಹಿಯೂ ಸರಿಯಲ್ಲ. ಬ್ರಾಗ ಕಡೆಯ ಪುದೀಂ ಅಬಾದ್ ದ ಪ್ರೀಶ್ಕುಶ್‌ಗೆ ಹಂದಿ ಕೊಬ್ಬು ಹಾಕಿಯೇ ಪಾಕ ಮಾಡುತ್ತಾರೆ. ತೋಸೀನ್ಯು ದು ಸೇವು, ಅಂದರೆ 'ಸ್ವರ್ಗದ ಕೊಬ್ಬು', ಈಗ ಹೆಚ್ಚಾಗಿ ಬಾದಾಮಿ-ಹಳದಿಯದು, ಆದರೂ ಕೇಳಿ ತಿನ್ನಿ.


ಬೆಣ್ಣೆ_ಪದರ

ನಾತ ಬಗ್ಗೆ. ಲಿಸ್ಬನ್‌ನ ಬೆಲೇಂನಲ್ಲಿರುವ ಜೆರೋನಿಮುಶ್ ಮಠದ ಪಕ್ಕದ ಅಂಗಡಿ 1837ರಿಂದ ಮಾರುತ್ತಿದೆ. 'ಪಶ್ತೇಯ್ಶ್ ದ ಬೆಲೇಂ' ಅನ್ನುವ ಹೆಸರು ಅವರದು ಮಾತ್ರ, ಬೇರೆ ಕಡೆಯದೆಲ್ಲ ಪಶ್ತೆಲ್ ದ ನಾತ. ಬೀದಿಯಲ್ಲಿ ಕಾಣುವ ಉದ್ದ ಸಾಲು ಹೆಚ್ಚಾಗಿ ಕಟ್ಟಿಸಿಕೊಂಡು ಹೋಗುವವರದು. ಒಳಗೆ ಕೂರಲು ಕೋಣೆ ಮೇಲೆ ಕೋಣೆ ಇದೆ, ಅಲ್ಲಿ ಬೇಗ ಆಗುವುದೂ ಉಂಟು. ಒಳ್ಳೆಯ ನಾತ ಗುರುತಿಸುವುದು ಸುಲಭ. ಮೇಲೆ ಅಲ್ಲಲ್ಲಿ ಕಪ್ಪು ಕಲೆ, ನಡುವೆ ಹಳದಿ ಇನ್ನೂ ಅಲುಗಬೇಕು. ಬೆರಳ ತುದಿಯಿಂದ ತಳ ತಟ್ಟಿದರೆ ಒಣಗಿದ ಸದ್ದು ಬರಬೇಕು. ಕಚ್ಚಿದಾಗ ಪದರು ಮುರಿಯುವ ಶಬ್ದ ಪಕ್ಕದವರಿಗೂ ಕೇಳಬೇಕು. ಫ್ರಿಜ್ಜಿಗೆ ಹೋದದ್ದು ಚರ್ಮದಂತಾಗಿರುತ್ತದೆ. ಮೇಜಿನ ಮೇಲಿನ ಚಕ್ಕೆಪುಡಿ ಉದುರಿಸಿಕೊಳ್ಳಿ.

ಮನೆಯ ಓಟಿಜಿಯಲ್ಲಿ ಆಗುತ್ತದೆ. ಅಲ್ಲಿನ ಓವನ್ನು 300 ಡಿಗ್ರಿ ಹತ್ತಿರ ಉರಿಯುತ್ತದೆ, ನಮ್ಮದು 250ಕ್ಕೆ ನಿಲ್ಲುತ್ತದೆ. ಆದ್ದರಿಂದ ಅರ್ಧ ಗಂಟೆ ಮೊದಲೇ ಮೇಲೆ-ಕೆಳಗೆ ಎರಡೂ ಕಡ್ಡಿ ಹಾಕಿ ಕಾಯಿಸಿ, ಮೇಲಿನ ಅಂತಸ್ತಿನಲ್ಲಿಡಿ.

ಹನ್ನೆರಡಕ್ಕೆ ಅಳತೆ: ಬೆಣ್ಣೆಯ ಪಫ್ ಹಿಟ್ಟು 300 ಗ್ರಾಂ, ಹಾಲು 300 ಎಂಎಲ್, ಮೈದಾ 30 ಗ್ರಾಂ, ಸಕ್ಕರೆ 200 ಗ್ರಾಂ, ನೀರು 100 ಎಂಎಲ್, ಮೊಟ್ಟೆಯ ಹಳದಿ ಆರು, ಚಕ್ಕೆ ಒಂದು ತುಂಡು, ನಿಂಬೆಯ ಹೊರಸಿಪ್ಪೆ. ಸಿಪ್ಪೆಯ ಒಳಗಿನ ಬಿಳಿ ಸೇರಿದರೆ ಕಹಿ.

ಹಿಟ್ಟನ್ನು ಚಾಪೆಯಂತೆ ಬಿಗಿಯಾಗಿ ಸುತ್ತಿ, ಫ್ರಿಜ್ಜಿನಲ್ಲಿಟ್ಟು, ಎರಡು ಸೆಂಟಿಮೀಟರಿನ ಬಿಲ್ಲೆ ಕೊಯ್ಯಿರಿ. ಸುರುಳಿ ಮೇಲೆ ಕಾಣುವಂತೆ ಅಚ್ಚಿನಲ್ಲಿಟ್ಟು, ಹೆಬ್ಬೆರಳು ನೀರಿಗೆ ಅದ್ದಿ ನಡುವೆ ಒತ್ತಿ ಅಂಚಿನವರೆಗೆ ಏರಿಸಿ. ತಳ ಕಾಗದದಷ್ಟು ತೆಳು, ಅಂಚು ಸ್ವಲ್ಪ ದಪ್ಪ. ತಳ ದಪ್ಪ ಉಳಿದರೆ ಹಸಿಹಿಟ್ಟಾಗಿಯೇ ಇರುತ್ತದೆ, ಇದು ಎಲ್ಲರೂ ಮಾಡುವ ತಪ್ಪು. ಕೈ ಬಿಸಿಗೆ ಬೆಣ್ಣೆ ಕರಗಿದರೆ ಪದರು ಅಂಟಿಕೊಳ್ಳುತ್ತದೆ, ನಾಲ್ಕು ನಾಲ್ಕೇ ಹೊರತೆಗೆದು ಒತ್ತಿ. ಒತ್ತಿದ ಅಚ್ಚುಗಳನ್ನು ಮತ್ತೆ ಫ್ರಿಜ್ಜಿಗಿಡಿ.

ಸಕ್ಕರೆ, ನೀರು, ಚಕ್ಕೆ, ಸಿಪ್ಪೆ ಕುದಿಸಿ ಅಂಟುಪಾಕ ಬಂದಾಗ ಇಳಿಸಿ, ಎಳೆ ಬರುವತನಕ ಬಿಡಬೇಡಿ, ಬಿಟ್ಟರೆ ಕಸ್ಟರ್ಡ್ ಬಿಗಿಯುತ್ತದೆ. ಸ್ವಲ್ಪ ಹಾಲಿನಲ್ಲಿ ಮೈದಾ ಗಂಟಿಲ್ಲದೆ ಕದಡಿ, ಉಳಿದ ಹಾಲು ಕಾಯಿಸಿ ಸುರಿದು, ಒಲೆಯ ಮೇಲೆ ಗಂಜಿಯಾಗುವಷ್ಟು ತಿರುವಿ. ಅದಕ್ಕೆ ಪಾಕವನ್ನು ಸಣ್ಣ ಧಾರೆಯಾಗಿ ಸೇರಿಸಿ. ಉಗುರುಬೆಚ್ಚಗಾದ ಮೇಲೆಯೇ ಹಳದಿ ಬೆರೆಸಿ ಸೋಸಿ. ಬಿಸಿಯಲ್ಲಿ ಹಾಕಿದರೆ ಬುರ್ಜಿ. ಈಗ ನೀರಾಗಿ ಕಾಣುತ್ತದೆ, ಹಾಗೆಯೇ ಇರಬೇಕು.

ಮುಕ್ಕಾಲು ಅಚ್ಚು ತುಂಬಿ 12ರಿಂದ 15 ನಿಮಿಷ. ಅಂಚು ಕೆಂಪಗೆ, ಮೇಲೆ ಕಲೆ ಬಂದ ಕೂಡಲೇ ತೆಗೆಯಿರಿ. ಕಲೆ ಬರಲಿಲ್ಲ ಅಂತ ಇನ್ನೂ ಹತ್ತು ನಿಮಿಷ ಬಿಟ್ಟರೆ ಕಸ್ಟರ್ಡ್ ಕುದಿದು ರವೆರವೆಯಾಗುತ್ತದೆ. ಕಲೆಗಿಂತ ಹದ ಮುಖ್ಯ.


ತುಂಗೆಯ_ದಡ

ಕೊನೆಯದೊಂದು. 12ನೇ ತಾರೀಖು ರಾತ್ರಿ ಲಿಸ್ಬನ್‌ನಲ್ಲೇ ಇರುತ್ತೇವೆ. ಆ ದಿನ ಹಬ್ಬ ಅಂತ ಗೊತ್ತಾಯಿತು. ಅಮ್ಮನನ್ನು ಕರೆದುಕೊಂಡು ಹೋಗಬಹುದೇ?


ಬೂತಾಯಿ_ಪುಳಿಮುಂಚಿ

ಸಂತ ಅಂತೋನಿಯ ಹಬ್ಬ. ಅಲ್ಫಾಮ, ಗ್ರಾಸ, ಮೋರಾರಿಯ ಓಣಿಗಳಲ್ಲೆಲ್ಲ ಬಾಗಿಲ ಮುಂದೆ ಕೆಂಡ ಹಾಕಿ ಸಾರ್ಡೀನ್ ಸುಡುತ್ತಾರೆ. ಹತ್ತು ಗಂಟೆಯ ಮೇಲೆ ಅಲ್ಫಾಮದಲ್ಲಿ ಹೆಜ್ಜೆ ಇಡಲು ಜಾಗ ಇರುವುದಿಲ್ಲ, ಹೊಗೆಯೂ ದಟ್ಟ. ಹಿರಿಯರಿದ್ದರೆ ಸಂಜೆ ಆರರಿಂದ ಎಂಟರೊಳಗೆ ಹೋಗಿಬನ್ನಿ. ಬೀದಿಯಲ್ಲಿ ಮೀನನ್ನು ಬ್ರೆಡ್ಡಿನ ಮೇಲೆ ಒಂದೊಂದಾಗಿ ಮಾರುತ್ತಾರೆ, ಮುಂಚೆ ಬೆಲೆ ಕೇಳಿ, ಪಕ್ಕದ ಓಣಿಗೂ ಇಲ್ಲಿಗೂ ವ್ಯತ್ಯಾಸ ಇರುತ್ತದೆ. ಅಲ್ಲಿ ಮಾರುವ ಕಾಲ್ದು ವೆರ್ದ್ ಅಮ್ಮನಿಗೆ ಬೇಡ, ದೊಡ್ಡ ಹಂಡೆಯಲ್ಲಿ ಸಾಸೇಜು ಸಮೇತ ಕುದಿಯುತ್ತಿರುತ್ತದೆ. ಅವರ ಊಟ ಮೊದಲೇ ಮುಗಿಸಿಕೊಂಡು ಹೋಗಿ. ಮರುದಿನ 13 ಊರಿಗೇ ರಜೆ, 10 ರಾಷ್ಟ್ರೀಯ ರಜೆ. ಎರಡೂ ದಿನ ಹೋಟೆಲ್ ತೆರೆದಿದೆಯೇ ಅಂತ ಹಿಂದಿನ ದಿನವೇ ವಿಚಾರಿಸಿ.

ಆ ದಿನ ಎಲ್ಲ ಕಡೆ ಪುಟ್ಟ ಕುಂಡದಲ್ಲಿ ಮಂಜೆರೀಕು ಅನ್ನುವ ಗಿಡ ಮಾರುತ್ತಾರೆ, ಕಾಮಕಸ್ತೂರಿಯ ಜಾತಿ, ಚೆಂಡಿನಂತೆ ದುಂಡಗೆ, ಜೊತೆಗೆ ಕಾಗದದ ಹೂವು, ನಾಲ್ಕು ಸಾಲಿನ ಪದ್ಯದ ಚೀಟಿ. ಅಮ್ಮನಿಗೆ ಒಂದು ಕೊಡಿಸಿ. ಗಿಡಕ್ಕೆ ನೇರ ಮೂಗು ಹಿಡಿದರೆ ಬಾಡುತ್ತದೆ ಅನ್ನುವುದು ಅಲ್ಲಿನವರ ನಂಬಿಕೆ. ಅಂಗೈಯನ್ನು ಎಲೆಗಳ ಮೇಲೆ ಮೆಲ್ಲಗೆ ಆಡಿಸಿ, ಅಂಗೈಯನ್ನೇ ಮೂಸಬೇಕು.